ನಾಲ್ಕನೆಯ ಬಾಗಿಲು

ಶನಿವಾರ, ಆಗಸ್ಟ್ 12, 2000

ಆಗಸ್ಟಿನಲ್ಲಿ ರೋಮಿನವರೇ ರೋಮ್ ಬಿಟ್ಟು ಸಮುದ್ರದ ಕಡೆ ಓಡುತ್ತಾರೆ. ನಾವು ಪೆಟ್ಟಿಗೆ ಹೊತ್ತುಕೊಂಡು ಒಳಗೆ ಬಂದೆವು. ನನ್ನ ಗಂಡ ಅದೆಲ್ಮೊ ಕೆಲಸ ಮಾಡುವ ಮೇಜು ಕುರ್ಚಿಗಳ ಕಾರ್ಖಾನೆ ಬಾಗಿಲು ಹಾಕುವುದು ಈ ತಿಂಗಳು ಮಾತ್ರ, ನನ್ನ ಶಾಲೆಯ ಅಡುಗೆಮನೆಗೂ ಈಗಲೇ ರಜೆ. ಸಾಲದ್ದಕ್ಕೆ ಇದು ಜುಬಿಲಿ ವರ್ಷ. ಇಪ್ಪತ್ತೈದು ವರ್ಷಕ್ಕೊಮ್ಮೆ ತೆರೆಯುವ ಪವಿತ್ರ ಬಾಗಿಲುಗಳು ತೆರೆದಿವೆ. ಗಂಡನ ತಾಯಿ ಮುದುಕಿಗೆ ಎಪ್ಪತ್ತೆಂಟು, ಮುಂದಿನ ಸಲಕ್ಕೆ ಕಾಯುವ ಹಾಗಿಲ್ಲ. ಮಗಳಿಗೆ ಊರು ತೋರಿಸಿದ ಹಾಗೂ ಆಯಿತು, ತಾಯಿಗೆ ಯಾತ್ರೆ ಮಾಡಿಸಿದ ಹಾಗೂ ಆಯಿತು ಅನ್ನುವುದು ಗಂಡನ ಲೆಕ್ಕಾಚಾರ. ಈ ಲೆಕ್ಕದಲ್ಲಿ ನಾನು ಎಲ್ಲೂ ಇಲ್ಲ.

ಸಿಸ್ಟರುಗಳು ನಡೆಸುವ ಯಾತ್ರಿಕರ ಮನೆಯಲ್ಲಿ ಇಳಿದಿದ್ದೇವೆ. ಹೆಂಗಸರಿಗೆ ಮೇಲೆ ಒಂದು ಕೋಣೆ, ಗಂಡಸಿಗೆ ಕೆಳಗೆ ಒಂದು ಗೂಡು. ಹಾಗಾಗಿ ಒಂದು ವಾರ ನನ್ನ ಜೊತೆಗಾರರು ಹದಿನಾರರ ಮಗಳು ನೊಯೆಮಿ ಮತ್ತು ಗಂಡನ ತಾಯಿ ಎದ್ವಿಜೆ. ಒಬ್ಬಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಮಾತೇ ಬಿಟ್ಟಿದ್ದಾಳೆ, ಇನ್ನೊಬ್ಬಳು ನಿದ್ದೆಯಲ್ಲೂ ಜಪಮಾಲೆ ಎಣಿಸುತ್ತಾಳೆ.

ಅದೆಲ್ಮೊನ ಪಟ್ಟಿಯಲ್ಲಿ ಇಪ್ಪತ್ತೆರಡು ಜಾಗಗಳಿವೆ. ಮುದುಕಿಯ ಪಟ್ಟಿಯಲ್ಲಿ ನಾಲ್ಕು ಬಾಗಿಲುಗಳಿವೆ. ಎರಡು ಪಟ್ಟಿಗಳ ನಡುವೆ ನೀರಿನ ಬಾಟಲಿ ಹೊರುವವಳು ನಾನು.

ಈ ನೋಟುಪುಸ್ತಕ ಶಾಲೆಯದು, ಹಾಳೆಗಳ ಒಂದು ಬದಿಯಲ್ಲಿ ಮೇ ತಿಂಗಳ ಊಟದ ಪಟ್ಟಿ ಇದೆ. ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಎಲ್ಲಾದರೂ ಗೊಣಗದಿದ್ದರೆ ಈ ವಾರ ತಲೆ ಕೆಡುತ್ತದೆ.

ಭಾನುವಾರ, ಆಗಸ್ಟ್ 13

ಮೊದಲ ಬಾಗಿಲು. ಸಂತ ಯೋಹಾನರ ಚರ್ಚು. ಬೆಳಿಗ್ಗೆ ಎಂಟಕ್ಕೇ ಕಲ್ಲು ಕಾದಿತ್ತು. ಬಾಗಿಲ ಮುಂದಿನ ಈ ಸಾಲಿಗೆಲ್ಲ ಅಕ್ಕಿಯ ರಿಸೊಟ್ಟೊ ಮಾಡಿ ಬಡಿಸಬೇಕೆಂದರೆ ನನ್ನ ದೊಡ್ಡ ಹಂಡೆ ಹನ್ನೊಂದಾದರೂ ಬೇಕು ಎಂದು ಅಂದಾಜು ಮಾಡುತ್ತ ಎರಡು ಗಂಟೆ ನಿಂತೆ. ಅದೆಲ್ಮೊ ತಾಯಿಗಾಗಿ ಮಡಚುವ ಸ್ಟೂಲೊಂದನ್ನು ಬೀಚ್ ಮರದಲ್ಲಿ ಮಾಡಿ ತಂದಿದ್ದಾನೆ. ಸಾಲು ಎರಡು ಹೆಜ್ಜೆ ಸರಿದಾಗಲೆಲ್ಲ ಅವಳು ಏಳುವುದು, ಅವನು ಸ್ಟೂಲು ಸರಿಸುವುದು, ಅವಳು ಕೂರುವುದು. ಒಳಗೆ ಹೋದಮೇಲೆ ಎಲ್ಲರೂ ಮೇಲೆ ಚಾವಣಿಯ ಬಂಗಾರ ನೋಡಿದರೆ ನನ್ನ ಗಂಡ ಪಾಪನಿವೇದನೆಯ ಗೂಡನ್ನು ಬೆರಳಿನಿಂದ ತಟ್ಟಿ, ಇದು ವಾಲ್ನಟ್ ಮರ ಅಲ್ಲ, ಬಣ್ಣ ಹಚ್ಚಿದ ಅಗ್ಗದ ಪಾಪ್ಲರ್ ಎಂದು ಬೇಜಾರು ಮಾಡಿಕೊಂಡ.

ಮುದುಕಿ ಸಿಸ್ಟರಿಂದ ನಿಯಮವನ್ನು ಮೂರು ಸಲ ಹೇಳಿಸಿಕೊಂಡಿದ್ದಾಳೆ. ಪಾಪನಿವೇದನೆ ಮಾಡಿ, ಪ್ರಸಾದ ತೆಗೆದುಕೊಂಡು, ಪ್ರಾರ್ಥನೆ ಹೇಳಿ ಬಾಗಿಲು ದಾಟಿದರೆ ಪಾಪದ ಶಿಕ್ಷೆಯೆಲ್ಲ ಪೂರ್ತಿ ಮಾಫಿ. ದಿನಕ್ಕೆ ಒಂದೇ. ಅದನ್ನು ನಾವೇ ಇಟ್ಟುಕೊಳ್ಳಬಹುದು, ಇಲ್ಲವೇ ಸತ್ತವರಲ್ಲಿ ಒಬ್ಬರಿಗೆ ಬಿಟ್ಟುಕೊಡಬಹುದು. ಅವಳಂತೂ ತನಗೆ ಒಂದನ್ನೂ ಇಟ್ಟುಕೊಳ್ಳುವವಳಲ್ಲ. ಅವಳ ಪ್ರಾರ್ಥನೆ ಪುಸ್ತಕದ ತುಂಬ ನೆನಪಿನ ಚೀಟಿಗಳಿವೆ. ಊರಿನಲ್ಲಿ ಮಣ್ಣಿಗೆ ಹೋದಾಗಲೆಲ್ಲ ಕೈಗೆ ಕೊಡುತ್ತಾರಲ್ಲ, ಫೋಟೋ, ಹುಟ್ಟಿದ ದಿನ, ಹೋದ ದಿನ, ಕೆಳಗೊಂದು ಪ್ರಾರ್ಥನೆ, ಅಂಥವು. ಐವತ್ತು ವರ್ಷದ ಸತ್ತವರು ಸೇರಿ ಪುಸ್ತಕ ಎಷ್ಟು ಉಬ್ಬಿದೆಯೆಂದರೆ ರಬ್ಬರ್ ಬ್ಯಾಂಡ್ ಹಾಕದೆ ಮುಚ್ಚುವುದಿಲ್ಲ. ಅದರಿಂದ ಮಾವ ಒರೆಸ್ತೆಯ ಚೀಟಿ ತೆಗೆದು ಎದೆಗೆ ಒತ್ತಿಕೊಂಡು ದಾಟಿದಳು. ನಾಳೆಯದು ತಂಗಿಗೆ, ಮೂರನೆಯದು ತಾಯಿಗೆ. ನಾಲ್ಕನೆಯದು ಯಾರಿಗಜ್ಜಿ ಎಂದು ನೊಯೆಮಿ ಕೇಳಿದಳು. ನೋಡೋಣ ಅಂದಳು.

ಸಿಲ್ವಾನೊನ ಫೋಟೋ ಮಾತ್ರ ಆ ಪುಸ್ತಕದಲ್ಲಿಲ್ಲ. ಅದು ಕೈಚೀಲದ ಒಳಜೇಬಿನಲ್ಲಿ ಬಸ್ ಟಿಕೆಟು, ರಕ್ತದೊತ್ತಡದ ಮಾತ್ರೆಗಳ ಜೊತೆ ಇರುತ್ತದೆ. ಅವಳ ದೊಡ್ಡ ಮಗ. 1979ರ ಮಾರ್ಚಿನಲ್ಲಿ, ಒಂದು ಭಾನುವಾರ, ಊಟದ ಮೇಜಿನಿಂದ ಎದ್ದುಹೋದವನು ಮತ್ತೆ ಬರಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಊಟಕ್ಕೆ ಕೂತಾಗ ಒಂದು ಕುರ್ಚಿಯಲ್ಲಿ ಯಾರೂ ಕೂರಬಾರದು ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಮಧ್ಯಾಹ್ನ ಕೊಲೊಸಿಯಮ್. ಮೂವತ್ತೆಂಟು ಡಿಗ್ರಿ. ನೊಯೆಮಿ ಒಂದು ಕಂಬದ ನೆರಳಿಗೆ ಅಂಟಿಕೊಂಡವಳು ಬರಲೇ ಇಲ್ಲ, ಅಪ್ಪ ಮಗಳಿಗೆ ಜಗಳವಾಯಿತು. ಮುದುಕಿ ಮಾತ್ರ ಬೆವರಲೂ ಇಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಮೊಣಕಾಲುದ್ದ ನೀರಲ್ಲಿ ನಿಂತು ಭತ್ತದ ಗದ್ದೆಯ ಕಳೆ ಕಿತ್ತವಳು. ಇದೊಂದು ಬಿಸಿಲಾ ಎಂದು ನಮ್ಮನ್ನೆಲ್ಲ ನೋಡಿದಳು. ನನಗೆ ಮೈ ಉರಿಯಿತು.

ಸೋಮವಾರ, ಆಗಸ್ಟ್ 14

ಇದನ್ನು ಎಲ್ಲೂ ಬರೆಯಬಾರದು ಅಂತಿದ್ದೆ.

ಎರಡನೆಯ ಬಾಗಿಲು ಮಾತೆ ಮರಿಯಳ ದೊಡ್ಡ ಚರ್ಚಿನದು. ಮುದುಕಿ ಪಾಪನಿವೇದನೆಯ ಗೂಡಿನಲ್ಲಿ ಅರ್ಧ ಗಂಟೆ ಇದ್ದಳು. ಅವಳಿಗೆ ಅಷ್ಟು ಹೊತ್ತು ಹೇಳುವಂಥ ಪಾಪಗಳು ಎಲ್ಲಿಂದ ಬರಬೇಕು ಎಂದು ನಾನು ಗಡಿಯಾರ ನೋಡುತ್ತಿದ್ದೆ. ಬಾಗಿಲು ದಾಟಿ, ತಂಗಿಯ ಚೀಟಿಯನ್ನು ಪುಸ್ತಕಕ್ಕೆ ಸೇರಿಸಿ, ಹೊರಗೆ ರಸ್ತೆಯ ನಲ್ಲಿಯ ಹತ್ತಿರ ಬಂದಳು. ಅಪ್ಪ ಮಗಳು ಐಸ್ ತರಲು ಹೋಗಿದ್ದರು. ನೀರು ಹರಿಯುತ್ತಿತ್ತು, ಅವಳು ಕೈಯೊಡ್ಡಿ ನಿಂತವಳು ಕುಡಿಯಲಿಲ್ಲ.

"ಬದುಕಿರೋರಿಗೆ ಕೊಡೋಕ್ಕಾಗಲ್ವಂತೆ" ಅಂದಳು. "ಬದುಕಿದ್ರೆ ಅವರೇ ಬರ್ಬೇಕಂತೆ. ಸತ್ತಿದ್ರೆ ಮಾತ್ರ ನಾವು ದಾಟ್ಬೋದು."

"ಯಾರಿಗೆ ಅತ್ತೆ?"

"ಪಾದ್ರಿ ಕೇಳಿದ್ರು, ನಿಮ್ಮ ಮಗ ಇದ್ದಾನೋ ಇಲ್ವೋ ಅಂತ. ಗೊತ್ತಿಲ್ಲ ಅಂದೆ. ಅದನ್ನ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ ತಾಯಿ ಅಂದ್ರು." ಕೈ ಒರೆಸಿಕೊಂಡಳು. "ಇಪ್ಪತ್ತೊಂದು ವರ್ಷ ಆಯ್ತು ಲೊರೆದಾನಾ. ನನಗೂ ಸುಸ್ತಾಗಿದೆ. ಸತ್ತಿದಾನೆ ಅಂತ ತೀರ್ಮಾನ ಮಾಡ್ದೆ."

ನಾನು ಏನೂ ಹೇಳಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ ಇದ್ದೆ.

ಆರು ವರ್ಷದಿಂದ ಪ್ರತಿ ಅಕ್ಟೋಬರ್ ಹದಿನಾರು, ಮುದುಕಿಯ ಹೆಸರಿನ ಸಂತ ಎದ್ವಿಜೆಯ ಹಬ್ಬದ ದಿನ, ಹನ್ನೊಂದೂ ಹತ್ತಕ್ಕೆ, ನಾನು ಪಾಸ್ತಾ ಹಂಡೆಗೆ ಹಾಕುವ ಹೊತ್ತಿಗೆ ಶಾಲೆಯ ಅಡುಗೆಮನೆಯ ಫೋನು ಬಡಿಯುತ್ತದೆ. ಅದೆಲ್ಮೊನ ಹೆಂಡತಿ ಅಲ್ಲಿ ಅಡುಗೆ ಮಾಡುತ್ತಾಳೆ ಎಂದು ಸಿಲ್ವಾನೊಗೆ ಯಾರೋ ಊರಿನವರಿಂದ ಗೊತ್ತಾಯಿತಂತೆ. ಹಿಂದೆ ಯಾವುದೋ ಬಂದರಿನ ಹಡಗು ಕೂಗುವುದು ಕೇಳುತ್ತದೆ. ಅಮ್ಮ ಇದ್ದಾಳಾ ಎಂದು ಕೇಳುತ್ತಾನೆ. ಇದ್ದಾರೆ ಅನ್ನುತ್ತೇನೆ. ಸರಿ ಎಂದು ಇಡುತ್ತಾನೆ. ಮೊದಲ ಸಲ ಮಾತ್ರ ಸ್ವಲ್ಪ ಹೆಚ್ಚು ಮಾತಾಡಿದ್ದ. ಮನೆಯಲ್ಲಿ ಹೇಳಿದರೆ ಮತ್ತೆ ಫೋನು ಮಾಡುವುದಿಲ್ಲ ಎಂದಿದ್ದ. ಅಪ್ಪ ಹೊಡೆದದ್ದಕ್ಕಲ್ಲ ನಾನು ಹೋದದ್ದು, ಅಪ್ಪ ಎಲ್ಲರೆದುರು ಹೊಡೆಯುವಾಗ ಅಮ್ಮ ಸಾರು ಬಡಿಸುತ್ತಲೇ ಇದ್ದಳು, ಅದಕ್ಕೆ ಅಂದಿದ್ದ.

ನಾನು ಹೇಳದೆ ಇದ್ದದ್ದು ಅವನು ಹೆದರಿಸಿದ ಅಂತಲ್ಲ. ಇಲ್ಲಾದರೂ ನಿಜ ಬರೆಯಬೇಕು. ಅವನು ಬಂದರೆ ಅದೆಲ್ಮೊ ಮತ್ತೆ ಎರಡನೆಯ ಮಗನಾಗುತ್ತಾನೆ. ಹತ್ತೊಂಬತ್ತು ವರ್ಷ ಆ ಮುದುಕಿಯ ಬಟ್ಟೆ ಒಗೆದಿದ್ದೇನೆ, ಒಂದು ದಿನ ನನ್ನ ಅಡುಗೆ ಚೆನ್ನಾಗಿದೆ ಅಂದವಳಲ್ಲ. ಖಾಲಿ ಕುರ್ಚಿಯ ಮನೆಯಲ್ಲಿ ಹೇಗೋ ನೆಮ್ಮದಿಯಾಗಿದ್ದೆವು. ಆ ನೆಮ್ಮದಿ ನನಗೆ ಬೇಕಾಗಿತ್ತು.

ಸಂಜೆ ಅವಳು ನನ್ನನ್ನೇ ಕರೆದುಕೊಂಡು ಸಂತ ಪೇತ್ರರ ಚರ್ಚಿನ ಹತ್ತಿರದ ಒಂದು ಅಚ್ಚಿನ ಅಂಗಡಿಗೆ ಹೋದಳು. ಕೈಚೀಲದ ಒಳಜೇಬಿನಿಂದ ಫೋಟೋ ತೆಗೆದಳು. ಮಿಲಿಟರಿ ತರಬೇತಿಯ ಟೊಪ್ಪಿ ಹಾಕಿಕೊಂಡ ಹುಡುಗ, ಅದೆಲ್ಮೊನ ಮೂಗು. ಐವತ್ತು ನೆನಪಿನ ಚೀಟಿ ಬೇಕು ಅಂದಳು. ಅಂಗಡಿಯವ ಹುಟ್ಟಿದ ದಿನ ಬರೆದುಕೊಂಡ. ಹೋದ ದಿನ ಅಂದ. ಮಾರ್ಚ್ ನಾಲ್ಕು, 1979 ಎಂದು ಅವಳು ತಡವರಿಸದೆ ಹೇಳಿದಳು. ಇಪ್ಪತ್ನಾಲ್ಕೇ ವರ್ಷವೇ, ಅಯ್ಯೋ, ಆಕ್ಸಿಡೆಂಟಾ ಎಂದ ಅವನು. ಅಲ್ಲ, ಊಟದ ಹೊತ್ತಲ್ಲಿ ಅಂದಳು.

ಹೊರಗೆ ಬಂದು, ನಡೆಯುತ್ತ, ನನ್ನ ಕಡೆ ನೋಡದೆ, ಆವತ್ತು ತಾನು ಸೌಟು ಕೆಳಗಿಡಬೇಕಾಗಿತ್ತು ಅಂದಳು. ಅಷ್ಟೇ ಅಂದದ್ದು. ಚೀಟಿ ಗುರುವಾರ ಸಿಗುತ್ತದೆ.

ಮಂಗಳವಾರ, ಆಗಸ್ಟ್ 15

ಮಾತೆ ಮರಿಯಳು ಸ್ವರ್ಗಕ್ಕೇರಿದ ಹಬ್ಬ. ಎಲ್ಲ ಮುಚ್ಚಿದೆ. ಬಿಸಿಲು, ಕಲ್ಲಂಗಡಿ, ಜಗಳ. ನಿನ್ನೆ ಬರೆದದ್ದನ್ನು ಹರಿದುಹಾಕೋಣ ಎಂದುಕೊಂಡೆ. ಆ ಹಾಳೆಯ ಹಿಂಬದಿಯಲ್ಲಿ ಮೇ ತಿಂಗಳ ಸೊಪ್ಪಿನ ಲೆಕ್ಕ ಇದೆ, ಅದು ಬೇಕು.

ಬುಧವಾರ, ಆಗಸ್ಟ್ 16

ಊರಿನ ತುಂಬ ಹುಡುಗರು. ಜಗತ್ತಿನ ಎಲ್ಲ ಕಡೆಯ ಕಥೊಲಿಕ ಯುವಕರ ಸಮಾವೇಶವಂತೆ. ಹಳದಿ ಟೊಪ್ಪಿ, ಬೆನ್ನಿಗೆ ಚೀಲ, ಗಿಟಾರು. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ. ನೊಯೆಮಿ ಪೋಲೆಂಡಿನ ಹುಡುಗಿಯರ ಗುಂಪಿಗೆ ಸೇರಿಕೊಂಡು ಮೊದಲ ಸಲ ನಕ್ಕಳು. ಈ ಜನಕ್ಕೆಲ್ಲ ಯಾರು ಅಡುಗೆ ಮಾಡುತ್ತಾರೋ ಎಂದು ನನಗೆ ಚಿಂತೆ.

ಊರ ಗೋಡೆಯಾಚೆಯ ಸಂತ ಪೌಲರ ಚರ್ಚಿನಲ್ಲಿ ಮೂರನೆಯ ಬಾಗಿಲು. ಅತ್ತೆ ತಮ್ಮ ತಾಯಿಗಾಗಿ ದಾಟಿದರು. ದಾಟಿದ ಮೇಲೆ ಒಂದು ಬೆಂಚಿನ ಮೇಲೆ ಕೂತು ಹಾಗೇ ನಿದ್ದೆ ಹೋದರು, ಬಾಯಿ ತೆರೆದಿತ್ತು. ಅವರ ತಲೆ ನನ್ನ ಭುಜದ ಮೇಲೆ ಬಿತ್ತು. ಹಕ್ಕಿಯಷ್ಟು ಭಾರವಿಲ್ಲ. ನಾನು ಅಲ್ಲಾಡದೆ ಕೂತೆ, ಭುಜ ಮರಗಟ್ಟಿತು.

ಅದೆಲ್ಮೊ ಗಾಯಕರ ಸಾಲಿನ ಮರದ ಆಸನಗಳನ್ನು ಬಗ್ಗಿ ನೋಡುತ್ತಿದ್ದ. ನೊಯೆಮಿಯನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿ ನಾನು ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಆರು ವರ್ಷ, ಆರು ಫೋನು. ಚೀಟಿಯ ವಿಷಯವನ್ನೂ ಹೇಳಿದೆ. ಅವನು ಮರದ ಕೀಲಿನ ಮೇಲೆ ಇಟ್ಟಿದ್ದ ಬೆರಳನ್ನು ತೆಗೆಯಲಿಲ್ಲ. ಕೂಗಾಡುತ್ತಾನೆ ಎಂದು ಕಾದೆ, ಕೂಗಾಡಿದ್ದರೆ ವಾಸಿಯಾಗಿತ್ತು.

"ಅಮ್ಮಂಗೆ ಹೇಳ್ಬೇಡ" ಅಂದ. "ದಾಟಿಬಿಡ್ಲಿ. ಅತ್ತು ಮುಗಿಸ್ಲಿ. ಆ ಊಟದ ಮೇಜಿನ ಕುರ್ಚಿಗಳನ್ನೆಲ್ಲ ಮಾಡಿದೋನು ನಾನು, ಅದರಲ್ಲಿ ಒಂದರ ಮೇಲೆ ಇವತ್ತಿನವರೆಗೆ ಯಾರೂ ಕೂತಿಲ್ಲ. ನಾನು ದಿನಾ ಕೂತ್ಕೋತೀನಲ್ಲ, ಅದನ್ನ ಯಾರಾದ್ರೂ ನೋಡಿದಾರಾ?"

ಅವನು ಹೇಳಿದ್ದು ಆರು ವರ್ಷದಿಂದ ನನ್ನ ಮನಸ್ಸಿನಲ್ಲಿ ಇದ್ದದ್ದೇ. ಅವನ ಬಾಯಲ್ಲಿ ಕೇಳಿದಾಗ ನನಗೆ ನಾಚಿಕೆಯಾಯಿತು. ಯಾಕೆಂದು ಗೊತ್ತಾಗಲಿಲ್ಲ, ಅವನ ಮೇಲೆ ಕನಿಕರವೂ ಆಯಿತು.

ಗುರುವಾರ, ಆಗಸ್ಟ್ 17

ಪಟ್ಟಿಯ ಹನ್ನೆರಡನೆಯ ಜಾಗದಿಂದ ಹದಿನೈದನೆಯ ಜಾಗದವರೆಗೆ ಮುಗಿಸಿದೆವು. ಏನು ನೋಡಿದೆನೋ ನೆನಪಿಲ್ಲ. ಅದೆಲ್ಮೊ ಮುಂದೆ ಮುಂದೆ ನಡೆಯುತ್ತಾನೆ, ನನ್ನ ಜೊತೆ ಮಾತಿಲ್ಲ.

ಚೀಟಿ ತರಲು ಅತ್ತೆ ನನ್ನನ್ನು ಕಳಿಸಿದರು, ಅವರ ಕಾಲು ಊದಿತ್ತು. ಅಂಗಡಿಯವ ಕಾಗದದಲ್ಲಿ ಸುತ್ತಿದ ಕಟ್ಟು ಕೊಟ್ಟ. ಕೆಲಸ ನೋಡಿ ತಾಯಿ ಎಂದು ಮೇಲಿನದೊಂದನ್ನು ತೆಗೆದು ತೋರಿಸಿದ. ಚೆನ್ನಾಗಿ ಮಾಡಿದ್ದ. ಬೂದು ಅಂಚು, ಬೆಳ್ಳಿ ಬಣ್ಣದ ಶಿಲುಬೆ, ಸಿಲ್ವಾನೊನ ನಗುವ ಮುಖ. 1955–1979. ಅವನ ದನಿ ನನ್ನ ಕಿವಿಯಲ್ಲಿತ್ತು. ಸತ್ತವನ ಜೊತೆ ಆರು ವರ್ಷ ಫೋನಿನಲ್ಲಿ ಮಾತಾಡಿದ್ದೇನೆ ಎಂದು ಅನಿಸಿ ಅಂಗಡಿಯ ಮೇಜು ಹಿಡಿದುಕೊಂಡೆ, ಅಂಗಡಿಯವ ಪಾಪ ಕುರ್ಚಿ ಎಳೆದುಕೊಟ್ಟ. ತಮ್ಮನಾ ಎಂದು ಕೇಳಿದ. ಮೈದುನ, ಅಲ್ಲ, ಭಾವ, ಗಂಡನ ಅಣ್ಣ ಎಂದು ತಡವರಿಸಿದೆ.

ವಾಪಸು ಬಂದು ಅಂಗಡಿ ಮುಚ್ಚಿತ್ತು ಎಂದು ಸುಳ್ಳು ಹೇಳಿದೆ. ಕಟ್ಟು ನನ್ನ ಪೆಟ್ಟಿಗೆಯಲ್ಲಿ ಒಳಬಟ್ಟೆಗಳ ಕೆಳಗಿದೆ. ಅತ್ತೆ ನನ್ನ ಮುಖ ನೋಡಿ, ಪರವಾಗಿಲ್ಲ, ನಾಳೆ ಬೆಳಿಗ್ಗೆ ಹೋಗುವಾಗ ದಾರಿಯಲ್ಲೇ ತಗೊಂಡರಾಯಿತು ಅಂದರು. ಅವರೇ ನನ್ನನ್ನು ಸಮಾಧಾನ ಮಾಡಿದರು. ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ, ಬಿಸಿಲಿಗೆ ಮುಖ ಕೆಂಪಾಗಿದೆ, ಮಲಗು ಅಂದರು. ಇದಕ್ಕಿಂತ ಬೈದಿದ್ದರೆ ಸುಲಭವಾಗಿರುತ್ತಿತ್ತು.

ಶುಕ್ರವಾರ, ಆಗಸ್ಟ್ 18

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹೊರಡುವಾಗ ಕಟ್ಟನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ದಾರಿಯಲ್ಲಿ ಅಂಗಡಿಯ ಮುಂದೆ ಅತ್ತೆ ನಿಂತಾಗ, ಚೀಟಿ ನನ್ನ ಹತ್ತಿರವೇ ಇದೆ, ನಿನ್ನೆಯೇ ತಂದಿದ್ದೆ ಅಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೈಚಾಚಿದರು. ಕೊಡಲಿಲ್ಲ, ಬಾಗಿಲ ಹತ್ತಿರ ಕೊಡುತ್ತೇನೆ ಅಂದೆ. ಅದೆಲ್ಮೊ ನನ್ನನ್ನೇ ನೋಡುತ್ತಿದ್ದ.

ಸಂತ ಪೇತ್ರರ ಚೌಕದಲ್ಲಿ ಸಾಲು ಸುತ್ತಿ ಸುತ್ತಿ ಹೋಗಿತ್ತು. ಹುಡುಗರು ಹಾಡುತ್ತ ಕುಣಿಯುತ್ತ ಇದ್ದರು, ಯಾರೋ ಪೈಪು ಹಿಡಿದು ಜನರ ಮೇಲೆ ನೀರು ಚಿಮುಕಿಸುತ್ತಿದ್ದರು. ಮೂರು ಗಂಟೆ ಕಳೆಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಜಪ ಮಾಡುತ್ತಿದ್ದರು. ನೀರು ಮುಗಿದಿತ್ತು. ನೊಯೆಮಿ ಬಾಟಲಿ ತೆಗೆದುಕೊಂಡು ನಲ್ಲಿ ಹುಡುಕಿ ಹೊರಟಳು. ಅವಳೊಬ್ಬಳೇ ಈ ಗುಂಪಿನಲ್ಲಿ ಹೋಗುವುದು ಬೇಡ ಎಂದು ಅದೆಲ್ಮೊ ಹಿಂದೆ ಹೋದ. ಹೋಗುವ ಮುಂಚೆ ಸ್ಟೂಲು ಸರಿಸುವ ಕೆಲಸ ನನಗೆ ಒಪ್ಪಿಸಿ ಒಂದು ಕ್ಷಣ ನಿಂತ. ಬೇಡ ಎಂದು ಇನ್ನೊಂದು ಸಲ ಹೇಳಬಹುದಾಗಿತ್ತು, ಹೇಳಲಿಲ್ಲ.

ಬಾಗಿಲಿಗೆ ಮೂವತ್ತು ನಲವತ್ತು ಜನ ಬಾಕಿ ಇದ್ದರು. ಚೀಟಿ ಕೊಡು ಎಂದು ಅತ್ತೆ ಕೇಳಿದರು.

"ಸಿಲ್ವಾನೊ ಬದುಕಿದಾನೆ ಅತ್ತೆ. ವರ್ಷಕ್ಕೊಂದು ಸಲ, ಅಕ್ಟೋಬರಲ್ಲಿ ನಿಮ್ಮ ಹೆಸರಿನ ಹಬ್ಬದ ದಿನ, ನಂಗೆ ಫೋನ್ ಮಾಡ್ತಾನೆ. ಆರು ವರ್ಷದಿಂದ. ನಾನು ನಿಮಗೆ ಹೇಳ್ಲಿಲ್ಲ."

ಅವರು ಕೂತಿದ್ದವರು ಎದ್ದು ನಿಂತರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ ಎಂದು ಮುಖ ಕೊಟ್ಟು ನಿಂತೆ. ಸಾಲು ಸರಿಯಿತು, ಹಿಂದಿನವರು ತಳ್ಳಿದರು, ನಾವೂ ಎರಡು ಹೆಜ್ಜೆ ಹೋದೆವು. ಅವರು ನನ್ನ ತೋಳು ಹಿಡಿದುಕೊಂಡರು. ಬೆರಳುಗಳ ಗುರುತು ಈಗಲೂ ಇದೆ.

"ದನಿ ಹೇಗಿದೆ?"

"ಅದೆಲ್ಮೊನ ಹಾಗೇ. ಸ್ವಲ್ಪ ದಪ್ಪ."

"ಏನು ಕೇಳ್ತಾನೆ?"

"ಅಮ್ಮ ಇದ್ದಾಳಾ ಅಂತ. ಇದ್ದಾರೆ ಅಂತೀನಿ. ಸರಿ ಅಂತ ಇಟ್ಬಿಡ್ತಾನೆ."

"ಅಷ್ಟೇನಾ?"

"ಅಷ್ಟೇ."

ಮತ್ತೆ ಎರಡು ಹೆಜ್ಜೆ. ಅವರ ತುಟಿ ಅಲ್ಲಾಡುತ್ತಿತ್ತು, ಜಪವೋ ಲೆಕ್ಕವೋ ತಿಳಿಯಲಿಲ್ಲ. ಸಾರಿನ ಮಾತನ್ನೂ ಹೇಳಿಬಿಟ್ಟೆ, ಬಚ್ಚಿಟ್ಟು ಸಾಕಾಗಿತ್ತು. ಅವರು ತಲೆಯಾಡಿಸಿದರು. ಅದು ಅವರಿಗೆ ಹೊಸ ವಿಷಯವಾಗಿರಲಿಲ್ಲ.

"ಹಾಗಾದ್ರೆ ನಾನು ಇರೋ ತನಕ ಅವನು ಬರಲ್ಲ" ಅಂದರು. "ನಾನು ಇಲ್ಲ ಅಂದ ದಿನ ಬರ್ತಾನೆ. ಅದನ್ನೇ ವಿಚಾರಿಸ್ತಿದಾನೆ ವರ್ಷಾ ವರ್ಷಾ."

ಅಳಲಿಲ್ಲ. ನನಗೇ ಅಳು ಬಂತು, ಅಲ್ಲೇ ಸಾಲಿನ ಮಧ್ಯೆ, ಮೂಗು ಸೋರಿಸಿಕೊಂಡು. ಪಕ್ಕದಲ್ಲಿದ್ದ ಯಾವ ದೇಶದ ಹುಡುಗಿಯೋ ನನಗೆ ಕರವಸ್ತ್ರ ಕೊಟ್ಟಳು. ಅಷ್ಟರಲ್ಲಿ ಬಾಗಿಲು ಬಂದೇಬಿಟ್ಟಿತು. ಅತ್ತೆ ಕೈಚಾಚಿ ಚೀಟಿಯ ಕಟ್ಟು ತೆಗೆದುಕೊಂಡು, ಬಿಚ್ಚದೆ, ಕೈಚೀಲದ ಒಳಜೇಬಿಗೆ ತುರುಕಿದರು, ಮಾತ್ರೆಗಳ ಜೊತೆ. ಬರಿಗೈಯಲ್ಲಿ ಹೊಸ್ತಿಲ ಮುಂದೆ ನಿಂತರು.

ಯಾರಿಗೆ ಅತ್ತೆ ಎಂದು ಕೇಳಿದೆ.

"ನಂಗೇ" ಅಂದರು. "ಅಕ್ಟೋಬರಲ್ಲಿ ಸಾಯೋಳು ನಾನು ತಾನೆ. ಫೋನ್ ಬಂದಾಗ ಮುದುಕಿ ಹೋದಳು ಅಂತ ಹೇಳು. ಮಣ್ಣಿಗಾದ್ರೂ ಬರ್ತಾನೋ ನೋಡೋಣ."

ಬಾಗಿಲ ಕಂಚನ್ನು ಒಮ್ಮೆ ಮುಟ್ಟಿ ಒಳಗೆ ಹೋದರು. ಒಳಗೆ ಹೋದವರು ತಿರುಗಿ, ಏನು ನಿಂತಿದ್ದೀಯ, ಬಾ ಎಂದು ನನ್ನನ್ನು ಕರೆದರು.

ಭಾನುವಾರ, ಆಗಸ್ಟ್ 20

ಊರು ಸೇರಿದೆವು. ನೊಯೆಮಿಯ ಮೂಗಿನ ಸಿಪ್ಪೆ ಸುಲಿಯುತ್ತಿದೆ. ಯಾತ್ರೆ ಚೆನ್ನಾಗಿತ್ತು, ಚೆನ್ನಾಗಿತ್ತು ಎಂದು ಅದೆಲ್ಮೊ ಕೇಳಿದವರಿಗೆಲ್ಲ ಹೇಳುತ್ತಾನೆ. ಅಕ್ಟೋಬರಿನ ಯೋಜನೆ ಹೇಳಿದಾಗಿನಿಂದ ತಾಯಿಯ ಜೊತೆಯೂ ಮಾತಿಲ್ಲ, ನನ್ನ ಜೊತೆಯೂ ಇಲ್ಲ. ಪಟ್ಟಿಯಲ್ಲಿ ಏಳು ಜಾಗ ನೋಡದೆ ಉಳಿದವು.

ಸೋಮವಾರ, ಅಕ್ಟೋಬರ್ 16

ಎರಡು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಅಮ್ಮ, ಈಗ ನಾನೂ ಅತ್ತೆಯನ್ನು ಹಾಗೇ ಕರೆಯುವುದು, ಬಾಗಿಲ ತನಕ ಬಂದಳು. ಹಬ್ಬದ ಶುಭಾಶಯ ಹೇಳಿ ಕೆನ್ನೆಗೆ ಮುತ್ತಿಟ್ಟೆ. ಸುಳ್ಳು ಹೇಳೋಳು ನೀನು, ಪಾಪ ನಿನ್ನದು, ನಾನು ಬರೀ ಸತ್ತೋಳು ಎಂದು ಕಿವಿಯಲ್ಲಿ ಹೇಳಿದಳು. ನಗುತ್ತಿದ್ದಳೋ ಹೆದರಿದ್ದಳೋ, ಎರಡೂ ಇದ್ದೀತು. ಅವಳ ಕೈ ತಣ್ಣಗಿತ್ತು.

ಹನ್ನೊಂದು ಗಂಟೆಯಿಂದ ಫೋನಿನ ಹತ್ತಿರವೇ ಸುಳಿದಾಡಿದೆ. ಹತ್ತು ನಿಮಿಷಕ್ಕೆ ಫೋನು ಬಡಿಯಿತು. ಅಮ್ಮ ಇದ್ದಾಳಾ ಅಂದ. ಆ ಒಂದು ಮಾತನ್ನು ಎರಡು ತಿಂಗಳಿಂದ ಅಭ್ಯಾಸ ಮಾಡಿದ್ದೆ, ಆದರೂ ಬಾಯಿಗೆ ಬರುವ ಮುಂಚೆ ಅಳು ಬಂತು. ಇಲ್ಲ ಅಂದೆ. ನಾನು ಅತ್ತದ್ದಕ್ಕೇ ಅವನು ನಂಬಿದ. ಆದರೆ ಅಳು ನಿಜದ್ದಾಗಿತ್ತು. ಆ ಕ್ಷಣ ಅವಳು ನಿಜವಾಗಿ ಇಲ್ಲದ ಮನೆ ಕಣ್ಣ ಮುಂದೆ ಬಂದಿತ್ತು.

ಯಾವಾಗ ಎಂದು ಕೇಳಿದ. ನಿನ್ನೆ ಅಂದೆ. ಮಣ್ಣು ಎಂದ. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಮನೆಯಿಂದ ಅಂದೆ. ಅವನು ಫೋನು ಇಡಲಿಲ್ಲ. ಹಿಂದೆ ಹಡಗು ಕೂಗಿ ನಿಂತಿತು.

"ಕೊನೇಲಿ ಏನಾದ್ರೂ ಅಂದ್ಲಾ?"

"ಆವತ್ತು ಸೌಟು ಕೆಳಗಿಡಬೇಕಾಗಿತ್ತು ಅಂದ್ರು."

ಇದೊಂದು ಸುಳ್ಳಲ್ಲ. ಆಮೇಲೆ ಫೋನು ಇಟ್ಟ ಶಬ್ದ ಕೇಳಿತು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮುನ್ನೂರು ಮಕ್ಕಳು ಇವತ್ತು ಬೆಂದು ಮುದ್ದೆಯಾದ ಪಾಸ್ತಾ ತಿಂದರು.

ಬುಧವಾರ, ಅಕ್ಟೋಬರ್ 18

ಅಮ್ಮ ಕೋಳಿ ತರಿಸಿದ್ದಾಳೆ. ಅಕ್ಕಿ ಹಾಕಿದ ಸಾರು ಮಾಡಬೇಕಂತೆ, ಅವನು ಬಾರದಿದ್ದರೆ ನಾವೇ ತಿನ್ನೋಣ ಅಂದಳು. ಸಾರು ನೀನು ಮಾಡು, ನಿನ್ನದು ನನ್ನದಕ್ಕಿಂತ ಚೆನ್ನಾಗಿರುತ್ತದೆ ಎಂದೂ ಅಂದಳು. ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣು ಒರೆಸಿಕೊಳ್ಳಲು ನೆಪ ಬೇಕಾಗಲಿಲ್ಲ.

ಅದೆಲ್ಮೊ ಊಟ ಮಾಡದೆ ಎದ್ದು ಕಾರ್ಖಾನೆಗೆ ಹೋದ. ನಾಟಕ ನೋಡಲು ನನ್ನನ್ನು ಕರೆಯಬೇಡಿ ಅಂದ.

ಗುರುವಾರ, ಅಕ್ಟೋಬರ್ 19

ಬೆಳಿಗ್ಗೆ ಎಂಟೂವರೆಗೆ ಅದೆಲ್ಮೊ ಕಪ್ಪು ಕೋಟು ಹಾಕಿಕೊಂಡು ಕೆಳಗೆ ಬಂದ. ಎಲ್ಲಿಗೆ ಎಂದು ಕೇಳಿದೆ. ರೈಲು ಸ್ಟೇಷನ್ನಿಗೆ ಅಂದ. ಬಸ್ ನಿಲ್ದಾಣ ಹಿಂದಿನ ಬೀದಿಗೆ ಹೋಗಿ ಹನ್ನೆರಡು ವರ್ಷವಾಯಿತು, ಸಿಲ್ವಾನೊಗೆ ಹೇಗೆ ಗೊತ್ತಾಗಬೇಕು ಎಂದ. ಅವನಿಗೆ ಏನು ಹೇಳುತ್ತೀಯ ಅಂದೆ. ಏನೂ ಹೇಳುವುದಿಲ್ಲ, ಚೀಲ ಎತ್ತಿಕೊಂಡು ಬರುತ್ತೇನೆ ಅಂದ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಗೇಟು ಸದ್ದಾಯಿತು. ಅಮ್ಮ ರೋಮಿಗೆ ಹಾಕಿಕೊಂಡಿದ್ದ ನೀಲಿ ಬಟ್ಟೆಯಲ್ಲಿ ಅಡುಗೆಮನೆಯಲ್ಲಿ ನಿಂತಿದ್ದಳು. ನಾನು ಬಾಗಿಲು ತೆಗೆಯಲು ಹೊರಟೆ, ಕೈ ಹಿಡಿದು ತಡೆದಳು. ತಾನೇ ಹೋಗಿ ತೆಗೆದಳು.

ಮೆಟ್ಟಿಲ ಮೇಲೆ ತಲೆ ನರೆತ ದಪ್ಪನೆಯ ಗಂಡಸೊಬ್ಬ, ಕಪ್ಪು ಟೈ, ತೋಳಿನ ತುಂಬ ಬಿಳಿ ಹೂವಿನ ಚಕ್ರ. ಅದರ ರಿಬ್ಬನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ಅಮ್ಮನಿಗೆ ಎಂದಿತ್ತು. ಹಿಂದೆ ಅದೆಲ್ಮೊ ಚೀಲ ಹಿಡಿದು ನೆಲ ನೋಡುತ್ತ ನಿಂತಿದ್ದ. ಸಿಲ್ವಾನೊ ಅವಳನ್ನು ನೋಡಿದ. ಹೂವಿನ ಚಕ್ರ ಕೈಜಾರಿ ಮೆಟ್ಟಿಲ ಮೇಲೆ ಉರುಳಿತು. ಅವನ ಮುಖ ಸಿಟ್ಟಿನಿಂದ ಕೆಂಪಾಯಿತು, ತಿರುಗಿ ಹೊರಟೇಬಿಡುತ್ತಾನೆ ಅಂದುಕೊಂಡೆ.

ಅಮ್ಮ ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ತೆಗೆದು ಅವನ ಕೈಗಿಟ್ಟಳು. ಬೂದು ಅಂಚು, ಬೆಳ್ಳಿ ಶಿಲುಬೆ. ಅವನು ತನ್ನ ಮುಖ ನೋಡಿದ, ಹುಟ್ಟಿದ ದಿನ ಓದಿದ, ಸತ್ತ ದಿನ ಓದಿದ. ಎರಡು ಸಲ ಓದಿದ.

"ನೀನೂ ಸತ್ತಿದ್ದೆ, ನಾನೂ ಸತ್ತಿದ್ದೆ" ಅಂದಳು ಅಮ್ಮ. "ಸಾರು ಆರಿಹೋಗತ್ತೆ. ಬಾ."

ಹತ್ತು ಗಂಟೆಗೆ ಯಾರು ಊಟ ಮಾಡುತ್ತಾರೆ. ಆದರೂ ಮೇಜಿನ ಸುತ್ತ ಬಂದೆವು. ಅದೆಲ್ಮೊ ಆ ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟು ತನ್ನ ಜಾಗದಲ್ಲಿ ಕೂತ. ಸಿಲ್ವಾನೊ ಚೀಟಿ ಹಿಡಿದುಕೊಂಡು ಕುರ್ಚಿಯ ಹಿಂದೆ ನಿಂತೇ ಇದ್ದ. ಸಾರಿನ ಪಾತ್ರೆಯಿಂದ ಹಬೆ ಏಳುತ್ತಿತ್ತು. ಅವನು ಕೂರುವ ತನಕ ಅಮ್ಮ ಸೌಟು ಮುಟ್ಟಲಿಲ್ಲ.